ಸೀರೆ ಅಂಗಡಿಯಲ್ಲಿ ಕಂಡ ಕೈಬಿಗಿಯ ವರ್ಷಗಳು

ಬಟ್ಟೆ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ನನ್ನನ್ನು ಮೊದಲು ಕೇಳುವುದು ಕಾಲುನೋವಿನ ವಿಚಾರ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರಬೇಕಲ್ಲ, ನೀವು ಇಷ್ಟು ವರ್ಷ ಹೇಗೆ ನಿಂತಿರಿ ಎನ್ನುತ್ತಾರೆ. ಬಿಸಿನೀರಿಗೆ ಕಲ್ಲುಪ್ಪು ಹಾಕಿ ಪಾದ ಇಟ್ಟುಕೊಳ್ಳಿ, ಚಪ್ಪಲಿ ಒಂದು ಸೈಜು ಸಡಿಲವಾಗಿರಲಿ ಎಂದು ಹೇಳುತ್ತೇನೆ. ಸೀರೆ ಬಿಡಿಸುವುದು, ಮಡಿಸುವುದು, ಬಣ್ಣ ಹೊಂದಿಸುವುದು ಒಂದು ವರ್ಷದಲ್ಲಿ ತಾನಾಗಿಯೇ ಬರುತ್ತದೆ. ಆದರೆ ಎದುರಿಗೆ ಕೂತ ಹೆಂಗಸು ಸೀರೆ ನೋಡುತ್ತ ನೋಡುತ್ತಲೇ ಮನೆಯ ಮುಂದಿನ ಆರು ತಿಂಗಳನ್ನು ಯೋಚಿಸುತ್ತಿರುತ್ತಾಳೆ ಅನ್ನುವುದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಬರೆದಿಡೋಣ ಅನ್ನಿಸಿತು.

ನಾನು ಮಹದೇವಮ್ಮ. ಟಿ. ನರಸೀಪುರದವಳು. ನಮ್ಮ ಯಜಮಾನರು ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಭತ್ತ ಬರುವ ಕಾಲದಲ್ಲಿ ಉಸಿರಾಡಲು ಪುರಸೊತ್ತಿಲ್ಲ, ಉಳಿದ ಕಾಲದಲ್ಲಿ ಕೆಲಸವೇ ಇಲ್ಲ. ಹಾಗಾಗಿ ನಾನೂ ಏನಾದರೂ ಮಾಡಲೇಬೇಕಾಯಿತು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸಲು ಹೆಂಗಸರು ಬೇಕು ಎಂದು ಯಾರೋ ಹೇಳಿದರು. ಆಗೆಲ್ಲ ನಿಲ್ಲುವ ಕೌಂಟರ್ ಇರಲಿಲ್ಲ. ನೆಲಕ್ಕೆ ಹಾಸಿಗೆ ಹಾಸಿ ಮೇಲೆ ಬಿಳಿ ಬಟ್ಟೆ ಹೊದಿಸಿರುತ್ತಿದ್ದರು. ಗಿರಾಕಿಗಳೂ ನಾವೂ ಅದರ ಮೇಲೇ ಎದುರುಬದುರು ಕೂರುತ್ತಿದ್ದೆವು.

ಅಲ್ಲಿ ನನಗೆ ಕೆಲಸ ಹೇಳಿಕೊಟ್ಟವರು ಗುರುಸಿದ್ದಣ್ಣ ಎಂಬ ಹಳೆಯ ಸೇಲ್ಸ್‌ಮನ್. ಬಾಯಿ ತುಂಬ ಎಲೆ ಅಡಿಕೆ, ಮಾತು ಕಡಿಮೆ. ನಾನು ಮೊದಲ ದಿನ ಒಬ್ಬ ಗಿರಾಕಿಯನ್ನು ಎಷ್ಟರದು ಬೇಕು ಎಂದು ಕೇಳಿಬಿಟ್ಟೆ. ಆಕೆ ಹೋದ ಮೇಲೆ ಅವರು ನನ್ನನ್ನು ಕರೆದು ಹೇಳಿದರು: "ಅಂಗ್ ಕೇಳ್ಬಾರ್ದು ಕಣಮ್ಮ. ಎಷ್ಟರದು ಅಂತ ಕೇಳುದ್ರೆ ಅವರು ಕೂತಲ್ಲೇ ಸಣ್ಣವರಾಗೋಯ್ತಾರೆ. ನೀನು ಮೂರು ತರದ್ದು ಮುಂದೆ ಆಕು. ಯಾವುದ್ರ ಮೇಲೆ ಕಣ್ಣು ನಿಲ್ತದೆ ನೋಡ್ಕೊ, ಆಮೇಲೆ ಅದೇ ಬೆಲೇದು ತೋರ್ಸು."

ಈಗಿನ ಅಂಗಡಿಗಳಲ್ಲಿ ಒಳಗೆ ಕಾಲಿಡುತ್ತಲೇ "ಮೇಡಂ, ಯಾವ ರೇಂಜು?" ಎನ್ನುತ್ತಾರೆ. ಗುರುಸಿದ್ದಣ್ಣ ಇದ್ದಿದ್ದರೆ ಎಲೆ ಅಡಿಕೆ ಉಗಿಯಲು ಎದ್ದು ಹೋಗುತ್ತಿದ್ದರು.

ಆ ಅಂಗಡಿ ಮುಚ್ಚಿದ ಮೇಲೆ ನಾನು ನಂಜನಗೂಡಿನ ದೊಡ್ಡ ಅಂಗಡಿಯೊಂದಕ್ಕೆ ಬಂದೆ. ಕೆಳಗೆ ಮಕ್ಕಳದ್ದು, ಗಂಡಸರದ್ದು. ಮಹಡಿಯ ಮೇಲೆ ಸೀರೆ. ಸೋಮವಾರ ಮತ್ತು ಹುಣ್ಣಿಮೆ ದೇವಸ್ಥಾನಕ್ಕೆ ಬಂದವರೆಲ್ಲ ಒಂದು ಸಲ ಹತ್ತಿಳಿದು ಹೋಗುತ್ತಿದ್ದರು. ಆದರೆ ನಮ್ಮ ಅಂಗಡಿಯನ್ನು ನಿಜವಾಗಿ ಸಾಕಿದ್ದು ದೇವಸ್ಥಾನದ ಜನವಲ್ಲ, ಫ್ಯಾಕ್ಟರಿ ಜನ. ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳಲ್ಲಿ ಸಂಬಳವಾದ ವಾರ ಬಿಳಿಗೆರೆ, ತಗಡೂರು ಕಡೆಯ ಬಸ್ಸುಗಳಿಂದ ಇಳಿದವರು ನೇರ ನಮ್ಮಲ್ಲಿಗೆ ಬರುತ್ತಿದ್ದರು. ಅವರು ಹೇಗೆ ಕೊಳ್ಳುತ್ತಿದ್ದರು ಎಂದರೆ, ಹೆಚ್ಚು ಯೋಚಿಸದೆ. ಮುಂದಿನ ತಿಂಗಳೂ ಸಂಬಳ ಬರುತ್ತದೆ ಅನ್ನುವುದು ಗೊತ್ತಿರುವವರು ಕೊಳ್ಳುವ ರೀತಿಯೇ ಬೇರೆ. ಸೀರೆ ಮುಟ್ಟುತ್ತಾರೆ, ಕನ್ನಡಿ ಮುಂದೆ ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ, ಗಂಡನ ಕಡೆ ತಿರುಗಿ ಹುಬ್ಬು ಹಾರಿಸುತ್ತಾರೆ, ಮುಗಿಯಿತು.

ಒಂದು ವರ್ಷ ಊರಲ್ಲಿ ಗುಲ್ಲು ಹಬ್ಬಿತು. ಒಂದು ದೊಡ್ಡ ಫ್ಯಾಕ್ಟರಿ ಮುಚ್ಚುತ್ತಾರಂತೆ, ಇನ್ನೊಂದರಲ್ಲಿ ಒಂದು ಪಾಳಿ ತೆಗೆಯುತ್ತಾರಂತೆ ಎಂದು. ಯಾರ ಹತ್ತಿರವೂ ಖಚಿತ ಸುದ್ದಿ ಇರಲಿಲ್ಲ. ಟೀ ಅಂಗಡಿಯಲ್ಲಿ ಒಂದು ತರ, ಬಸ್ಸಿನಲ್ಲಿ ಇನ್ನೊಂದು ತರ. ಆ ತಿಂಗಳು ಯಾರ ಸಂಬಳವೂ ಕಡಿಮೆಯಾಗಿರಲಿಲ್ಲ. ಒಬ್ಬರ ಕೆಲಸವೂ ಹೋಗಿರಲಿಲ್ಲ. ಆದರೂ ನಮ್ಮ ಮಹಡಿಯ ಮೇಲೆ ಫ್ಯಾನ್ ತಿರುಗುವ ಸದ್ದು ಕೇಳುವಷ್ಟು ಮೌನ ಬಂದುಬಿಟ್ಟಿತು. ಬಡತನದಿಂದ ಕೊಳ್ಳದವರನ್ನು ನಾನು ನೋಡಿದ್ದೆ. ಕೈಯಲ್ಲಿ ಇದ್ದೂ ಕೊಳ್ಳದವರನ್ನು ಅಷ್ಟು ದೊಡ್ಡ ಸಂಖ್ಯೆಯಲ್ಲಿ ನೋಡಿದ್ದು ಅದೇ ಮೊದಲು.

ಏನು ನಿಂತಿತು, ಏನು ನಿಲ್ಲಲಿಲ್ಲ ಎನ್ನುವುದನ್ನು ಹೊಸಬರು ತಿಳಿದುಕೊಳ್ಳಬೇಕು. ಮೊದಲು ನಿಂತದ್ದು ಗಂಡಸರ ಬಟ್ಟೆ. ಇರುವ ಪ್ಯಾಂಟೇ ಇನ್ನೊಂದು ವರ್ಷ ಬರುತ್ತದೆ ಎಂದುಕೊಂಡರು. ಆಮೇಲೆ ಹೆಂಗಸರು ತಮಗಾಗಿ ಕೊಳ್ಳುವ ಸೀರೆ. ಮಕ್ಕಳ ಸ್ಕೂಲ್ ಯೂನಿಫಾರ್ಮ್ ಮಾತ್ರ ಒಂದೂ ಕಡಿಮೆಯಾಗಲಿಲ್ಲ. ಒಂದು ಅಳತೆ ದೊಡ್ಡದು ಕೊಡಿ ಎನ್ನುವವರು ಹೆಚ್ಚಾದರು, ಅಷ್ಟೆ. ರವಿಕೆ ಕಣದ ವ್ಯಾಪಾರ ಏರಿತು. ನಮಗೆ ಮೊದಲು ಇದು ಅರ್ಥವಾಗಲಿಲ್ಲ. ಆಮೇಲೆ ಒಬ್ಬ ಹೆಂಗಸು ಹಳೆಯ ಸೀರೆಯನ್ನು ಚೀಲದಲ್ಲಿ ಮಡಿಚಿ ತಂದು, ಅದರ ಅಂಚಿಗೆ ಹೊಂದುವ ಕಣವನ್ನು ಹುಡುಕಿಸಿದಾಗ ತಿಳಿಯಿತು. ರವಿಕೆ ಹೊಸದಾದರೆ ಸೀರೆಯೂ ಹೊಸದಾಗಿ ಕಾಣುತ್ತದೆ.

ಇನ್ನೊಂದು ನಿಲ್ಲದೆ ಇದ್ದದ್ದು ಮುಯ್ಯಿ. ಬೇರೆಯವರ ಮನೆ ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಸೀರೆ, ಪಂಚೆ. ತಮ್ಮ ಮೈಮೇಲಿನದ್ದನ್ನು ಬಿಟ್ಟುಕೊಟ್ಟರೂ ಮುಯ್ಯಿ ಬಿಡುತ್ತಿರಲಿಲ್ಲ. ನಮಗೆ ಅವರು ಹಿಂದೆ ಏನು ಕೊಟ್ಟಿದ್ದರು ಎಂದು ನೆನಪಿಸಿಕೊಂಡು, ಅದಕ್ಕೆ ಸಮನಾದದ್ದನ್ನೇ ಹುಡುಕುತ್ತಿದ್ದರು. ಒಳಗಿನ ಹೆದರಿಕೆ ಬೀದಿಗೆ ಕಾಣಬಾರದು ಎನ್ನುವುದೇ ಎಲ್ಲರ ಪ್ರಯತ್ನ.

ಆ ವರ್ಷ ನಮ್ಮ ಅಂಗಡಿಯ ಸಾಹುಕಾರರು ಮಾಡಿದ ಎಡವಟ್ಟೊಂದನ್ನು ಹೇಳಲೇಬೇಕು. ಅವರು ಓದಿದವರು, ತಂದೆಯ ಕಾಲದ ಅಂಗಡಿಯನ್ನು ದೊಡ್ಡದು ಮಾಡಿದವರು, ಕೆಟ್ಟವರಲ್ಲ. ಗಿರಾಕಿ ಕಡಿಮೆಯಾದದ್ದು ನೋಡಿ ಬಾಗಿಲ ಮೇಲೆ ಕೆಂಪಕ್ಷರದಲ್ಲಿ "ಭಾರಿ ರಿಯಾಯಿತಿ" ಎಂದು ದೊಡ್ಡ ಬ್ಯಾನರ್ ಕಟ್ಟಿಸಿದರು. ಹಬ್ಬವಿಲ್ಲ, ಆಷಾಢವಿಲ್ಲ. ಮಾರನೆಯ ದಿನ ಜನ ಬಂದರು, ಓದಿದರು, ಹೊರಟುಹೋದರು. ಮೆಟ್ಟಿಲ ಹತ್ತಿರ ಇಬ್ಬರು ಹೆಂಗಸರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಸುದ್ದಿ ನಿಜವೇ ಇರಬೇಕು, ಇವರಿಗೂ ಗೊತ್ತಾಗಿದೆ, ಅದಕ್ಕೇ ಮಾಲು ಖಾಲಿ ಮಾಡುತ್ತಿದ್ದಾರೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಜನರ ಹೆದರಿಕೆಗೆ ನಾವೇ ಸಾಕ್ಷಿ ಒದಗಿಸಿದಂತಾಯಿತು. ನಾನು ಸಾಹುಕಾರರಿಗೆ ಹೇಳಿದೆ. ಅವರು ನಂಬಲಿಲ್ಲ. ಬೆಲೆ ಇಳಿಸಿದರೆ ಜನ ಬರದೆ ಎಲ್ಲಿ ಹೋಗುತ್ತಾರೆ ಎಂದರು. ಬ್ಯಾನರ್ ಮಾಸುವವರೆಗೂ ಅಲ್ಲೇ ಇತ್ತು.

ಜಯಮ್ಮನ ಮಗಳ ಮದುವೆ ನಡೆದದ್ದು ಇದೇ ಕಾಲದಲ್ಲಿ. ಜಯಮ್ಮ ಬಿಳಿಗೆರೆ ಕಡೆಯವಳು. ಗಂಡ ಸಿದ್ದರಾಜು ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ನೌಕರ. ವರ್ಷಕ್ಕೆ ಎರಡು ಸಲವಾದರೂ ನನ್ನ ಹತ್ತಿರವೇ ಬಂದು ಸೀರೆ ತೆಗೆಯುತ್ತಿದ್ದಳು. ಮಗಳು ಸೌಮ್ಯಳಿಗೆ ಮೂಗೂರಿನ ಗಂಡು ಗೊತ್ತಾಗಿತ್ತು. ಒಂದು ಮಧ್ಯಾಹ್ನ ಜಯಮ್ಮ ಒಬ್ಬಳೇ ಮಹಡಿ ಹತ್ತಿ ಬಂದಳು. ಕೂರು ಎಂದರೂ ಕೂರಲಿಲ್ಲ.

"ಅಕ್ಕ, ನಾಳೆ ಬೀಗ್ರ ಜೊತೆ ಜವಳಿ ತೆಗೆಯಾಕೆ ಬತ್ತೀವಿ. ಆ ಮೇಲ್ಗಡೆ ಬೀರೂಲಿ ಭಾರಿ ಸೀರೆ ಮಡುಗಿದ್ದೀರಲ್ಲ, ಅವ ತೆಗೀಬ್ಯಾಡಿ. ಅವುರ್ ಮುಂದೆ ಬ್ಯಾಡ ಅನ್ನಾಕೆ ನಂಗೆ ಆಗಾಕಿಲ್ಲ."

ಏಕೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. ಗಂಡನ ಪಾಳಿ ತೆಗೆಯುತ್ತಾರೆ ಎಂಬ ಮಾತಿದೆ. ಅವರು ಮನೆಯಲ್ಲಿ ಊಟ ಮಾಡುವಾಗಲೂ ಮಾತಾಡುತ್ತಿಲ್ಲ. ಮಾವನಾಗುವವನ ಕೆಲಸವೇ ಗಟ್ಟಿಯಿಲ್ಲ ಎಂದು ಬೀಗರಿಗೆ ಗೊತ್ತಾದರೆ ಸಂಬಂಧ ಬಿಟ್ಟಾರೆಂಬ ಭಯ. ಆಗಲಿ ಎಂದು ಕಳಿಸಿದೆ.

ಅದೇ ಸಂಜೆ ಇನ್ನೊಬ್ಬ ಹೆಂಗಸು ಬಂದರು. ಜಯಮ್ಮನಿಗಿಂತ ವಯಸ್ಸಾದವರು, ಹಣೆಯ ಮೇಲೆ ವಿಭೂತಿ. ತಮ್ಮ ಹೆಸರು ಕೆಂಪಮ್ಮ, ಮೂಗೂರಿನವರು, ನಾಳೆ ಮಗನ ಮದುವೆಗೆ ಜವಳಿ ತೆಗೆಯಲು ಇಲ್ಲಿಗೇ ಬರುತ್ತೇವೆ ಎಂದರು. ಸ್ವಲ್ಪ ಹೊತ್ತು ಆ ಸೀರೆ ಈ ಸೀರೆ ಮುಟ್ಟುತ್ತಿದ್ದು, ಬೇರೆ ಗಿರಾಕಿ ಕೆಳಗಿಳಿದ ಮೇಲೆ ನನ್ನ ಹತ್ತಿರ ಬಂದರು.

"ನಿಮ್ಗೆ ಕೈ ಮುಗೀತೀನಿ ಕಣವ್ವ. ನಾಳೆ ಭಾರಿ ಸೀರೆ ಕೇಳುದ್ರೆ ಖಾಲಿಯಾಗದೆ ಅಂದ್ಬುಡಿ. ನನ್ ಮಗಂದು ಕಂಟ್ರಾಕ್ಟ್ ಕೆಲ್ಸ. ಇನ್ನೆಷ್ಟ್ ದಿನವೋ ಕಾಣೆ. ಎಣ್ಣಿನ ಕಡೆಯವ್ರಿಗೆ ತಿಳುದ್ರೆ ಎಣ್ಣು ಕೊಟ್ಟಾರಾ?"

ನಾನು ಅವರ ಮುಖವನ್ನೇ ನೋಡಿದೆ. ಮಧ್ಯಾಹ್ನ ಜಯಮ್ಮ ಹೇಳಿದ್ದನ್ನು ಹೇಳಿಬಿಡೋಣವೆಂದು ನಾಲಿಗೆಯ ತುದಿಗೆ ಬಂತು. ಆದರೆ ಒಬ್ಬರು ನಂಬಿ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ? ಅವರಿಗೂ ಆಗಲಿ ಎಂದೆ. ಇಬ್ಬರಿಗೂ ಬೇಡವಾದದ್ದನ್ನು ನಾನು ತೋರಿಸದಿದ್ದರೆ ಸಾಕು, ಎಲ್ಲ ಸುಸೂತ್ರವಾಗಿ ಮುಗಿಯುತ್ತದೆ ಎಂದುಕೊಂಡೆ.

ಮಾರನೆಯ ದಿನ ಟೆಂಪೋ ತುಂಬ ಜನ ಬಂದರು. ಎರಡೂ ಕಡೆಯ ಅತ್ತೆ, ಸೋದರಮಾವ, ಅಜ್ಜಿ, ಜೊತೆಗೆ ಮಕ್ಕಳು. ಅವರಲ್ಲಿ ಆದ ಮಾತಿನಂತೆ ಧಾರೆ ಸೀರೆ ಗಂಡಿನ ಕಡೆಯವರದ್ದು. ಆರತಕ್ಷತೆ ಸೀರೆ ಮತ್ತು ಗಂಡಿನ ಬಟ್ಟೆ ಹೆಣ್ಣಿನ ಕಡೆಯವರದ್ದು. ಸೌಮ್ಯ ಮಧ್ಯದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ನಾನು ಮಧ್ಯಮ ಬೆಲೆಯ, ನೋಡಲು ಲಕ್ಷಣವಾದ ರೇಷ್ಮೆ ಸೀರೆಗಳನ್ನು ಬಿಡಿಸತೊಡಗಿದೆ. ಇಬ್ಬರು ತಾಯಂದಿರ ಮುಖವೂ ತಿಳಿಯಾಗಿತ್ತು. ಒಂದು ಮಾವಿನೆಲೆ ಹಸಿರಿನ ಸೀರೆಯ ಮೇಲೆ ಸೌಮ್ಯಳ ಕಣ್ಣೂ ನಿಂತಿತ್ತು.

ಅಷ್ಟರಲ್ಲಿ ಸಾಹುಕಾರರು ಮಹಡಿ ಹತ್ತಿ ಬಂದರು. ಎಷ್ಟೋ ವಾರದ ಮೇಲೆ ಒಂದು ಮದುವೆ ಜವಳಿ ಬಂದಿದೆ. ಅವರಿಗೆ ಆದ ಸಂತೋಷ ತಪ್ಪೇನಲ್ಲ. ಎಲ್ಲರಿಗೂ ಕೈಮುಗಿದು, ಕಾಫಿ ತರಿಸಿ, ಹರಡಿದ್ದ ಸೀರೆಗಳನ್ನು ನೋಡಿದರು. ಮದುವೆ ಮನೆಯವರಿಗೆ ಇದನ್ನು ತೋರಿಸುತ್ತಾರೆಯೇ ಎಂದು ನನ್ನನ್ನೇ ಗದರಿ, ತಾವೇ ಮೇಲಿನ ಬೀರು ತೆಗೆಸಿದರು.

ಭಾರಿ ಜರಿಯ ಸೀರೆಗಳು ಇಳಿದವು. ಒಂದು ಕುಂಕುಮ ಬಣ್ಣದ್ದನ್ನು ಬಿಡಿಸಿದಾಗ ಅಜ್ಜಿಯರು ಮುಂದೆ ಬಾಗಿದರು. ಯಾರಾದರೂ ಬೇಡ ಎನ್ನಬೇಕಿತ್ತು. ಯಾರೂ ಅನ್ನಲಿಲ್ಲ. ತನ್ನ ಸೊಸೆಗೆ ಇದು ಒಪ್ಪುತ್ತದೆ ಎಂದರು ಕೆಂಪಮ್ಮ. ಇದಕ್ಕೆ ತಕ್ಕ ಹಾಗೆ ಆರತಕ್ಷತೆಗೂ ಇಂಥದ್ದೇ ಇರಬೇಕು ಎಂದಳು ಜಯಮ್ಮ. ಒಬ್ಬರನ್ನು ಒಬ್ಬರು ಮೆಚ್ಚಿಸಲು ಇಬ್ಬರೂ ಮಾತು ಏರಿಸುತ್ತಿದ್ದರು. ಸಿದ್ದರಾಜು ಗೋಡೆಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದ. ಜಯಮ್ಮ ಒಂದು ಸಲ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ತಡೆಯಲಾರದೆ ಹೋದೆ.

ರೇಷ್ಮೆಯ ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನಂಬಬಾರದು, ಬಿಸಿಲಿಗೆ ಹಿಡಿದು ನೋಡಬೇಕು. ಇದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವುದೇ. ನಾನು ಆ ಕುಂಕುಮ ಬಣ್ಣದ ಸೀರೆ ಎತ್ತಿಕೊಂಡು, ತಾಯಂದಿರಿಬ್ಬರೂ ಬನ್ನಿ, ತಾರಸಿಯ ಮೇಲೆ ಬಣ್ಣ ನೋಡಿಬಿಡಿ ಎಂದೆ. ಇಬ್ಬರೂ ಎದ್ದರು. ಇನ್ಯಾರೋ ಎದ್ದಾಗ ಅವರನ್ನು ಕಾಫಿ ಆರುತ್ತದೆ ಎಂದು ಕೂರಿಸಿದೆ.

ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ನಿಂತೆವು. ಇಬ್ಬರ ಕೈಗೂ ಸೀರೆಯ ಒಂದೊಂದು ತುದಿ ಕೊಟ್ಟೆ. ಕೊಟ್ಟು ಹೇಳಿದೆ: "ನಿನ್ನೆ ನೀವಿಬ್ಬರೂ ಬೇರೆ ಬೇರೆ ಬಂದು ನನ್ನ ಹತ್ತಿರ ಒಂದೇ ಮಾತು ಹೇಳಿ ಹೋಗಿದ್ದೀರಿ. ಅದನ್ನ ನಾನು ಹೇಳೋದು ಸರಿಯಲ್ಲ. ನೀವೇ ಹೇಳ್ಕೊಳ್ಳಿ."

ಮೆಟ್ಟಿಲ ಬಾಗಿಲಿಗೆ ಬಂದು ಬೆನ್ನು ಮಾಡಿ ನಿಂತೆ. ನಾನು ಮಾಡಿದ್ದು ಅತಿಯಾಯಿತೇನೋ, ಈ ಮದುವೆ ನನ್ನಿಂದಲೇ ಮುರಿಯುತ್ತದೇನೋ ಎಂದು ಹೆದರಿದೆ. ಆಮೇಲೆ ಕೆಂಪಮ್ಮನ ದನಿ ಬಂತು. "ಬೀಗ್ತಿ, ನನ್ ಮಗನ್ ಕೆಲ್ಸ ಗಟ್ಟಿಯಿಲ್ಲ ಕಣ್ರವ್ವ. ಮುಚ್ಚಿ ಮಡುಗಿ ಎಣ್ಣು ತರಾಕೆ ನಂಗೂ ಮನ್ಸಿಲ್ಲ." ಅದಕ್ಕೆ ಜಯಮ್ಮ ಏನೋ ಹೇಳಿದಳು, ಅಳುತ್ತಾ ಹೇಳಿದ್ದರಿಂದ ನನಗೆ ಸರಿಯಾಗಿ ತಿಳಿಯಲಿಲ್ಲ. ನಾನು ತಿರುಗಿದಾಗ ಸೀರೆಯನ್ನು ಇಬ್ಬರೂ ಸೇರಿ ಮಡಿಸುತ್ತಿದ್ದರು. ಅಂಗಡಿಯವರು ಮಡಿಸುವ ಹಾಗಲ್ಲ, ಮನೆಯಲ್ಲಿ ಹೆಂಗಸರು ಎದುರುಬದುರು ನಿಂತು ಮಡಿಸುವ ಹಾಗೆ.

ಕೆಳಗೆ ಬಂದು ಕೆಂಪಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು: "ಬಿಸ್ಲಲ್ಲಿ ಆ ಬಣ್ಣ ಚೆಂದಾಗಿ ಕಾಣಲ್ಲ. ಅಸುರುದ್ದೇ ಆಗ್ಲಿ. ಸೌಮ್ಯಂಗೂ ಅದೇ ಮನ್ಸಾಗದೆ." ಜಯಮ್ಮ ಆರತಕ್ಷತೆಗೆ ಅದಕ್ಕಿಂತಲೂ ಹಗುರವಾದದ್ದು ತೆಗೆದಳು. ಸೋದರಮಾವಂದಿರು ಒಂದೆರಡು ಮಾತಾಡಿದರು. ಇಬ್ಬರು ತಾಯಂದಿರೂ ಒಂದಾದ ಮೇಲೆ ಯಾರ ಮಾತು ನಡೆಯುತ್ತದೆ?

ಸಾಹುಕಾರರು ಅವರು ಹೋಗುವವರೆಗೂ ನಗುತ್ತಲೇ ಇದ್ದು, ಆಮೇಲೆ ನನ್ನನ್ನು ಕರೆದರು. ತಾರಸಿಯಲ್ಲಿ ಏನಾಯಿತು ಎಂದು ಕೇಳಿದರು. ಇದ್ದದ್ದು ಇದ್ದಂತೆ ಹೇಳಿದೆ. ಅಂಗಡಿಯ ಸಂಬಳ ತೆಗೆದುಕೊಂಡು ಗಿರಾಕಿಯ ಕೆಲಸ ಮಾಡುತ್ತಿದ್ದೀರಿ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಷ್ಟೋ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇದನ್ನು ಹೊಸಬರಿಗೆ ಏಕೆ ಹೇಳುತ್ತಿದ್ದೇನೆ ಎಂದರೆ, ಕೌಂಟರಿನ ಒಳಗೆ ನಿಂತವರಿಗೆ ಇಂಥ ದಿನ ಬಂದೇ ಬರುತ್ತದೆ. ಏನು ಮಾಡಬೇಕೆಂದು ನಾನು ಹೇಳಲಾರೆ. ನಾನು ಮಾಡಿದ್ದರ ಬೆಲೆ ನಾನು ಕೊಟ್ಟೆ, ಅಷ್ಟೆ.

ಕೊನೆಗೆ ಫ್ಯಾಕ್ಟರಿ ಮುಚ್ಚಲಿಲ್ಲ. ಸಿದ್ದರಾಜುವಿನ ಕೆಲಸವೂ ಉಳಿಯಿತು. ಹೋದದ್ದು ಕಂಟ್ರಾಕ್ಟಿನವರದ್ದು, ಅದರಲ್ಲಿ ಕೆಂಪಮ್ಮನ ಮಗನದ್ದೂ ಒಂದು. ಮದುವೆಯಾಗಿ ಕೆಲವೇ ತಿಂಗಳು. ಆದರೆ ಹೆಣ್ಣಿನ ಮನೆಯವರಿಗೆ ಮೊದಲೇ ಗೊತ್ತಿದ್ದರಿಂದ ಯಾರೂ ಯಾರನ್ನೂ ದೂರಲಿಲ್ಲ. ಸಿದ್ದರಾಜುವೇ ಪರಿಚಯದವರ ಹತ್ತಿರ ಮಾತಾಡಿ ಅಳಿಯನಿಗೆ ಸಾಮಾನು ಸಾಗಿಸುವ ಆಟೋ ಓಡಿಸುವ ಕೆಲಸ ಕೊಡಿಸಿದನಂತೆ. ಮೊಮ್ಮಗಳ ನಾಮಕರಣಕ್ಕೆ ಬಟ್ಟೆ ಕೊಳ್ಳಲು ಬಂದ ಕೆಂಪಮ್ಮ ಇದನ್ನೆಲ್ಲ ಹೇಳಿದರು. ಜಯಮ್ಮ ಮಾತ್ರ ಆಮೇಲೆ ಮೊದಲಿನಂತಾಗಲಿಲ್ಲ. ಸಂಬಳ ಏರಿತು, ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿದರು. ಆದರೂ ಸೀರೆ ಹೆಗಲಿಗೆ ಹಾಕಿಕೊಂಡು ನೋಡಿ, ಇನ್ನೊಂದ್ ಸಲ ಬತ್ತೀನಕ್ಕ ಎಂದು ಇಳಿದುಹೋಗುತ್ತಿದ್ದಳು. ಭಯ ಬಂದು ಹೋದ ಮೇಲೂ ಅದರ ಅಭ್ಯಾಸ ಮನೆಯಲ್ಲಿ ಉಳಿದುಬಿಡುತ್ತದೆ.

ಎಲ್ಲರೂ ಹೀಗೆ ಕೈ ಹಿಂದೆಗೆಯುತ್ತಾರೆ ಎಂದುಕೊಳ್ಳಬೇಡಿ. ಆ ಕಂಟ್ರಾಕ್ಟಿನವರ ಕೆಲಸ ಹೋದ ನಂತರದ ಯುಗಾದಿಯ ಹಿಂದಿನ ವಾರ ಬಸವಣ್ಣ ಎಂಬಾತ ಹೆಂಡತಿ ರತ್ನಮ್ಮ, ಎರಡು ಮಕ್ಕಳನ್ನು ಕರೆದುಕೊಂಡು ಬಂದ. ತಗಡೂರಿನವನು, ಹಳೆಯ ಗಿರಾಕಿ. ಯಾವ ವರ್ಷವೂ ತೆಗೆಯದಷ್ಟು ಒಳ್ಳೆಯ ಬಟ್ಟೆ ತೆಗೆದ. ಮಗಳಿಗೆ ಲಂಗ ಜಾಕೀಟು, ಮಗನಿಗೆ ಪ್ಯಾಂಟು ಶರ್ಟು, ರತ್ನಮ್ಮ ಸಾಕು ಸಾಕು ಎಂದರೂ ಕೇಳದೆ ಅವಳಿಗೊಂದು ಒಳ್ಳೆ ಸೀರೆ. ಅವರು ಕೆಳಗೆ ಮಗನ ಅಳತೆ ನೋಡುತ್ತಿದ್ದಾಗ ಬಸವಣ್ಣ ಮಹಡಿಯಲ್ಲೇ ಉಳಿದಿದ್ದ. ಈ ಸಲ ಬೋನಸ್ ಜೋರಿರಬೇಕು ಎಂದು ನಾನು ತಮಾಷೆ ಮಾಡಿದೆ.

"ಕೆಲ್ಸ ಓಗಿ ತಿಂಗ್ಳಾಯ್ತು ಕಣಕ್ಕ. ಮನೇಲಿ ಏಳಿಲ್ಲ. ದಿನಾ ಬುತ್ತಿ ಕಟ್ಟಿಸ್ಕಂಡು ಬಂದು ಒಳೆ ಕಡೆ ಕೂತಿರ್ತೀನಿ. ಈ ಹಬ್ಬದಲ್ಲಿ ಕಮ್ಮಿ ಮಾಡುದ್ರೆ ಅವ್ಳಿಗೆ ಗೊತ್ತಾಗೋಯ್ತದೆ."

ಬಿಲ್ಲು ಮಾಡಿಸಿ ಕಳಿಸಿದೆ. ಹಬ್ಬಕ್ಕೆ ಇನ್ನೂ ಎರಡು ದಿನ ಇರುವಾಗ ರತ್ನಮ್ಮ ಒಬ್ಬಳೇ ಬಂದಳು. ಮಕ್ಕಳ ಬಟ್ಟೆ ಮನೆಯಲ್ಲೇ ಬಿಟ್ಟು, ತನ್ನ ಸೀರೆಯನ್ನು ಮಾತ್ರ ತಂದಿದ್ದಳು. ಮಡಿಕೆ ಬಿಚ್ಚಿರಲಿಲ್ಲ. ವಾಪಸ್ ತೆಗೆದುಕೊಳ್ಳುವಿರಾ ಎಂದಳು. ಬಣ್ಣ ಹಿಡಿಸಲಿಲ್ಲವೇ ಎಂದೆ.

"ಬಣ್ಣ ಚೆಂದಾಗದೆ ಅಕ್ಕ. ಅವುರ್ ಕೆಲ್ಸ ಓಗಿರಾದು ನಂಗೆ ಅವತ್ತೇ ಗೊತ್ತು. ಬುತ್ತಿ ಡಬ್ಬಿ ಇಡೀ ಫ್ಯಾಕ್ಟರಿ ವಾಸ್ನೆ ಒಡೀತಿತ್ತು, ಈಗ ಇಲ್ಲ. ಅವರೇ ಏಳೋಗಂಟ ನಾ ಕೇಳಾಕಿಲ್ಲ. ನೀವೂ ಏಳ್ಬ್ಯಾಡಿ."

ಸಾಹುಕಾರರು ಬಿಲ್ಲು ನೋಡಿ, ಅವಳ ಮುಖ ನೋಡಿ, ಸುಮ್ಮನೆ ವಾಪಸ್ ಮಾಡಿಸಿದರು. ಸೀರೆ ಎಲ್ಲಿ ಎಂದು ಗಂಡ ಕೇಳಿದರೆ ಏನು ಹೇಳುತ್ತೀ ಎಂದು ನಾನು ಕೇಳಿದೆ. ತವರಿನ ಗೌರಿ ಹಬ್ಬದ ಸೀರೆ ಉಡದೆ ಹಾಗೇ ಇದೆ, ಬಣ್ಣ ಹೆಚ್ಚುಕಡಿಮೆ ಇದೇ, ಅವರಿಗೆ ಸೀರೆಯ ಗುರುತು ಸಿಕ್ಕುವುದಿಲ್ಲ ಎಂದು ನಕ್ಕಳು. ಆಮೇಲೆ ಬಸವಣ್ಣ ಒಂದು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ಸೇರಿದ. ಅವರಿಬ್ಬರೂ ಯಾವಾಗ ಒಬ್ಬರಿಗೊಬ್ಬರು ಹೇಳಿಕೊಂಡರೋ, ಹೇಳಿಕೊಂಡರೋ ಇಲ್ಲವೋ, ನನಗೆ ತಿಳಿಯದು.

ಈ ನಡುವೆ ನಮ್ಮ ಕೆಲಸವೇ ಬದಲಾಯಿತು. ಗಿರಾಕಿಗಳು ಸೀರೆಯ ಫೋಟೋ ತೆಗೆದು ಊರಲ್ಲಿರುವ ಅಕ್ಕನಿಗೆ ಕಳಿಸಿ, ಅವಳು ಒಪ್ಪಿದರೆ ಮಾತ್ರ ಕೊಳ್ಳಲು ಶುರುಮಾಡಿದರು. ಮೊಬೈಲಿನಲ್ಲಿ ಇದೇ ಸೀರೆ ಇಷ್ಟಕ್ಕೆ ಸಿಗುತ್ತದೆ ಎಂದು ನನಗೇ ತೋರಿಸುತ್ತಿದ್ದರು. ಬೌದ್ಧ ಧರ್ಮಕ್ಕೆ ಸೇರಿದ ಮನೆಗಳವರು ಮದುವೆಗೆ ಸಣ್ಣ ಅಂಚಿನ ಬಿಳಿ ಸೀರೆ ಕೇಳತೊಡಗಿದಾಗ ಮೊದಮೊದಲು ನಮ್ಮಲ್ಲಿ ಇರುತ್ತಿರಲಿಲ್ಲ. ಆಮೇಲೆ ಅದಕ್ಕೇ ಒಂದು ಸಾಲು ಮಾಡಿದೆವು. ಅಂಥ ಮದುವೆಯ ಜವಳಿ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಖರ್ಚು ಕಡಿಮೆ ಮಾಡಿದರೂ ತಲೆ ತಗ್ಗಿಸಬೇಕಿಲ್ಲ ಎನ್ನುವುದನ್ನು ನಾನು ಅವರಲ್ಲಿ ನೋಡಿದೆ.

ಆಮೇಲೆ ಕೊರೊನಾ ಬಂತು. ಅಂಗಡಿಗೆ ಬಾಗಿಲು ಹಾಕಿದೆವು. ಸಾಹುಕಾರರು ಯಾರನ್ನೂ ತೆಗೆಯಲಿಲ್ಲ. ಅರ್ಧ ಸಂಬಳ ಕೊಡುತ್ತೇನೆ, ಎಷ್ಟು ದಿನ ಆಗುತ್ತದೋ ನೋಡೋಣ ಎಂದರು. ಆ ಹೊತ್ತಿಗೆ ನಮ್ಮ ಯಜಮಾನರು ತೀರಿಕೊಂಡಿದ್ದರು. ಮಗ ನಾಗೇಶ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ಸ್ಕೂಲು ಮುಚ್ಚಿದ ಮೇಲೆ ವ್ಯಾನು ಮನೆಯ ಮುಂದೆ ಟಾರ್ಪಾಲು ಹೊದ್ದು ನಿಂತಿತು. ಮನೆಯಲ್ಲಿ ನಾನು, ಅವನು, ಸೊಸೆ ಮಂಜುಳ, ಒಬ್ಬಳು ಮೊಮ್ಮಗಳು.

ಇಷ್ಟು ವರ್ಷ ಬೇರೆಯವರ ಮನೆಯ ಹೆದರಿಕೆಯನ್ನು ಎದುರಿಗೆ ಕೂತು ನೋಡಿದವಳು ನಾನು. ನಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಕಾಣಲಿಲ್ಲ. ಮಂಜುಳ ಗ್ಯಾಸ್ ಉಳಿಸಲು ಹಿತ್ತಲಲ್ಲಿ ಸೌದೆ ಒಲೆ ಹೂಡಿದಳು. ಮುದ್ದೆ ಒಲೆಯಲ್ಲೇ ರುಚಿ ಎಂದು ಹೇಳಿದಳು. ನಾನು ನಂಬಿದೆ. ನಾಗೇಶ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ಇರುವುದನ್ನೇ ಬಿಟ್ಟ. ಗೆಳೆಯನ ತೋಟದಲ್ಲಿ ಊಟವಾಯಿತು ಎನ್ನುತ್ತಿದ್ದ. ಅದನ್ನೂ ನಂಬಿದೆ. ನನ್ನ ಪಾಲಿನ ಉಳಿತಾಯ ನಾನು ಮಾಡುತ್ತಿದ್ದೆ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದೆ. ತಲೆ ಸುತ್ತು ಬಂದರೆ ಬಿಸಿಲು ಎಂದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದೆ. ದೊಡ್ಡ ಪೆಟ್ಟೇನೂ ಆಗಲಿಲ್ಲ. ಮಂಜುಳ ಎತ್ತಿ ಕೂರಿಸಿ, ಮಾತ್ರೆ ತರಲು ಒಳಗೆ ಹೋದಳು. ಹೋದವಳು ಬೇಗ ಬರಲಿಲ್ಲ. ಬಂದಾಗ ಕೈಯಲ್ಲಿ ಮಾತ್ರೆಯ ಪಟ್ಟಿ ಇತ್ತು.

"ಅತ್ತೆ, ಇವು ಯಾವಾಗ್ಲೋ ಮುಗೀಬೇಕಿತ್ತು. ಯಾಕ್ ಉಳಿದವೆ?"

ಸುಳ್ಳು ಹೇಳಲು ನೋಡಿದೆ, ಆಗಲಿಲ್ಲ. ಸದ್ದು ಕೇಳಿ ನಾಗೇಶನೂ ಬಂದ. ಮಂಜುಳ ಅಲ್ಲೇ ಒಲೆಯ ಮುಂದೆ ಕೂತುಬಿಟ್ಟಳು. ಅತ್ತು ಮುಗಿಸಿ, ಸೌದೆ ಒಲೆ ರುಚಿಗಲ್ಲ ಎಂದಳು. ನಾಗೇಶ ತನಗೆ ತೋಟದಲ್ಲಿ ಯಾರೂ ಊಟ ಹಾಕುತ್ತಿಲ್ಲ ಎಂದ. ಮೂವರೂ ಒಬ್ಬರಿಗೊಬ್ಬರು ಕಾಣದ ಹಾಗೆ ಉಳಿಸುತ್ತಿದ್ದೆವು. ಆ ದಿನ ಹಿತ್ತಲಲ್ಲೇ ಕೂತು, ಯಾವುದನ್ನು ಬಿಡೋಣ, ಯಾವುದನ್ನು ಬಿಡುವುದು ಬೇಡ ಎಂದು ಮಾತಾಡಿದೆವು. ವ್ಯಾನಿನಲ್ಲಿ ತರಕಾರಿ ತುಂಬಿಕೊಂಡು ಹಳ್ಳಿಗಳಿಗೆ ಹೋಗಬಹುದಲ್ಲ ಎಂದು ಮೊದಲು ಹೇಳಿದ್ದು ಮಂಜುಳ. ನಾಗೇಶನಿಗೆ ಮೊದಲು ನಾಚಿಕೆ, ಆಮೇಲೆ ಒಪ್ಪಿದ. ಎರಡು ವಾರದಲ್ಲಿ ಓಡಾಟದ ಪಾಸು ಸಿಕ್ಕಿ ವ್ಯಾನು ಹೊರಟಿತು.

ಅಂಗಡಿ ತೆರೆದ ಮೇಲೆ ಕೆಲವು ಕಾಲ ಹೋಗಿಬಂದೆ. ಆಮೇಲೆ ಮಂಡಿನೋವು ಬಿಡಲಿಲ್ಲ, ಕೆಲಸ ನಿಲ್ಲಿಸಿದೆ. ಸಾಹುಕಾರರು ಕಳಿಸಿಕೊಡುವಾಗ ಶಾಲು ಹೊದಿಸಿದರು. ಈಗ ನಾಗೇಶನ ವ್ಯಾನಿನಲ್ಲಿ ಮತ್ತೆ ಮಕ್ಕಳಿದ್ದಾರೆ. ಗ್ಯಾಸ್ ಒಲೆಯಲ್ಲೇ ಅಡುಗೆ ಆಗುತ್ತದೆ. ಮಂಜುಳ ಮಾತ್ರ ಈಗಲೂ ದಿನಾ ಬೆಳಿಗ್ಗೆ ಒಂದು ಲೋಟ ನೀರು, ಒಂದು ಮಾತ್ರೆ ತಂದು ನನ್ನ ಕೈಗೆ ಕೊಡುತ್ತಾಳೆ. ಕೊಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು, ನಾನು ನುಂಗುವವರೆಗೂ ಅಲ್ಲೇ ನಿಂತಿರುತ್ತಾಳೆ.